ದೇಲಂಪಾಡಿಯ ಕಲ್ಲುಕೋರೆಯಲ್ಲಿ ಹಿಮದ ಪಾಠ

ಫೆಬ್ರವರಿ ಕೊನೆಯ ವಾರದ ಒಂದು ಶುಕ್ರವಾರ ಬೆಳಗ್ಗೆ ನಾವಿಬ್ಬರು ಮಂಗಳೂರಿನಿಂದ ಕಾಸರಗೋಡಿಗೆ ರೈಲು ಹತ್ತಿದೆವು. ಗಂಟೆ ಏಳೂವರೆ ಆಗಿರಲಿಲ್ಲ, ಆಗಲೇ ಬೆನ್ನಿಗೆ ರವಿಕೆ ಅಂಟುವಷ್ಟು ಸೆಕೆ. ನಮ್ಮ ಕೈಯಲ್ಲಿ ಇದ್ದದ್ದು ಹಿಮದ ಮೇಲೆ ಜಾರುವ ಒಂದು ಜೊತೆ ಸ್ಕೀ, ಮೂವತ್ತು ಮೀಟರ್ ಹಗ್ಗ, ಎರಡು ಹೆಲ್ಮೆಟ್ ಮತ್ತು ಒಂದು ಡಬ್ಬ ಅವಲಕ್ಕಿ. ಸ್ಕೀ ತುಂಬಿದ ಉದ್ದ ಚೀಲವನ್ನು ಎಲ್ಲಿಡುವುದೆಂದು ತಿಳಿಯದೆ ಬಾಗಿಲ ಪಕ್ಕ ನಿಲ್ಲಿಸಿದೆವು. ಮಂಜೇಶ್ವರದಲ್ಲಿ ಹತ್ತಿದ ಒಬ್ಬರು ಅದನ್ನು ಒಮ್ಮೆ, ನಮ್ಮನ್ನು ಒಮ್ಮೆ ನೋಡಿ, ಪರದೆ ಕಟ್ಟುವ ಕೆಲಸವಾ ಎಂದು ಕೇಳಿದರು. ನನ್ನ ಗಂಡ ಸುರೇಶ ಹೌದು ಎಂದುಬಿಟ್ಟ. ನಿಜ ಹೇಳಹೊರಟರೆ ಕುಂಬಳೆ ದಾಟಿದರೂ ಮುಗಿಯುತ್ತಿರಲಿಲ್ಲ.

ನಿಜ ಇಷ್ಟು. ನಾನು ಪದ್ಮಜಾ, ಔಷಧಿ ಅಂಗಡಿಯೊಂದರಲ್ಲಿ ಫಾರ್ಮಸಿಸ್ಟ್. ಸುರೇಶನದು ಪ್ಲೈವುಡ್ ವ್ಯಾಪಾರ. ಕಾಲೇಜಿನಲ್ಲಿ ಒಂದೇ ತರಗತಿಯಲ್ಲಿದ್ದವರಾದ್ದರಿಂದ ಮದುವೆಯಾಗಿ ಇಪ್ಪತ್ತು ವರ್ಷವಾದರೂ ನಮ್ಮದು ಏಕವಚನದ ಸಂಸಾರ. ನಲವತ್ತು ದಾಟಿದ ಮೇಲೆ ಹಿಮಾಚಲಕ್ಕೆ ಪ್ರವಾಸ ಹೋದಾಗ ಒಂದು ಮಧ್ಯಾಹ್ನ ತಮಾಷೆಗೆ ಸ್ಕೀ ಕಟ್ಟಿಕೊಂಡೆವು. ಹುಚ್ಚು ಹಿಡಿಯಿತು. ಆಮೇಲೆ ಪ್ರತಿ ವರ್ಷ ಹೋಗತೊಡಗಿದೆವು. ಈಗ ಆಸೆ ಬೆಳೆದು ಹಿಮನದಿಯವರೆಗೆ ಬಂದಿತ್ತು.

ಹಿಮನದಿ ಎಂದರೆ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಕೆಳಗೆ ಸರಿಯುವ ಮಂಜುಗಡ್ಡೆಯ ರಾಶಿ. ಸರಿಯುವಾಗ ಅದು ಬಿರಿಯುತ್ತದೆ. ಕೆಲವು ಬಿರುಕುಗಳು ನಮ್ಮ ಕಡೆಯ ಬಾವಿಗಿಂತ ಆಳ. ಮೇಲೆ ಹೊಸ ಹಿಮ ಬಿದ್ದು ಮುಚ್ಚಿದರೆ ಬಾಯಿಯೇ ಕಾಣುವುದಿಲ್ಲ. ಹಾಗಾಗಿ ಅಲ್ಲಿ ಇಬ್ಬಿಬ್ಬರು ಹಗ್ಗ ಕಟ್ಟಿಕೊಂಡು ಹೋಗಬೇಕು. ಒಬ್ಬರು ಬಿದ್ದರೆ ಇನ್ನೊಬ್ಬರು ಹಿಡಿದು ನಿಲ್ಲಿಸಬೇಕು, ಆಮೇಲೆ ಮೇಲಕ್ಕೆ ಎತ್ತಬೇಕು. ಹೋದ ವರ್ಷ ಹಿಮನದಿಯ ತಂಡ ಸೇರಲು ಹೋದಾಗ ಅಲ್ಲಿನ ಅಭ್ಯಾಸದ ಗುಂಡಿಯಲ್ಲಿ ಸುರೇಶ ನನ್ನನ್ನು ಹೇಗೋ ಎತ್ತಿದ. ನನ್ನ ಸರದಿ ಬಂದಾಗ ಅವನ ಎಂಬತ್ತನಾಲ್ಕು ಕಿಲೋ ಒಂದಿಂಚೂ ಅಲುಗಲಿಲ್ಲ. ನಾನು ಐವತ್ತೊಂದು ಕಿಲೋ. ತಂಡದ ಮಾರ್ಗದರ್ಶಿ ಬಹಳ ಮರ್ಯಾದೆಯಿಂದ ನಮ್ಮ ಹೆಸರು ಹೊಡೆದುಹಾಕಿದ. ಈ ವರ್ಷ ಮೇ ತಿಂಗಳ ತಂಡಕ್ಕೆ ಮತ್ತೆ ಕೇಳಿದ್ದೆವು. ಇಬ್ಬರೂ ಪರಸ್ಪರ ಎತ್ತಬಲ್ಲಿರಾದರೆ ಮಾತ್ರ ಬನ್ನಿ, ಸೋಮವಾರದೊಳಗೆ ತಿಳಿಸಿ ಎಂದಿದ್ದ. ನಮಗೆ ಉಳಿದದ್ದು ಮೂರು ದಿನ.

ಕಾಸರಗೋಡಿನಲ್ಲಿ ಇಳಿದು, ಬಸ್‌ಸ್ಟಾಂಡ್ ಪಕ್ಕದ ಹೋಟೆಲಿನಲ್ಲಿ ಪುಟ್ಟು ಕಡಲೆ ತಿಂದು, ಮುಳ್ಳೇರಿಯ, ಆದೂರು ದಾರಿಯಾಗಿ ದೇಲಂಪಾಡಿಗೆ ಹೋಗುವ ಬಸ್ಸು ಹಿಡಿದೆವು. ಕಂಡಕ್ಟರ್ ನಮಗೆ ಎರಡು ಟಿಕೆಟ್ ಹರಿದು, ಸ್ಕೀ ಚೀಲವನ್ನು ತಟ್ಟಿ ನೋಡಿ, ಅದಕ್ಕೆ ಅರ್ಧ ಟಿಕೆಟ್ ಕೊಡಬೇಕಾ ಎಂದು ಯೋಚಿಸಿ ಬಿಟ್ಟುಬಿಟ್ಟರು. ನಲವತ್ತು ಕಿಲೋಮೀಟರಿಗೆ ಚೂರು ಹೆಚ್ಚಿನ ದಾರಿಗೆ ಎರಡು ಗಂಟೆ ಹಿಡಿಯಿತು. ಚೆರ್ಕಳ ದಾಟಿದ ಮೇಲೆ ರಸ್ತೆಯ ಎರಡೂ ಬದಿ ಗೇರು ಹೂ ಬಿಟ್ಟಿತ್ತು. ಅದರ ಒಗರು ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಅಲ್ಲಲ್ಲಿ ಗುಡ್ಡವನ್ನು ಚೌಕ ಚೌಕವಾಗಿ ಕೊಯ್ದು ಕೆಂಪು ಕಲ್ಲು ತೆಗೆದ ಕೋರೆಗಳು. ನಾವು ಹೊರಟದ್ದು ಅಂಥದೇ ಒಂದು ಕೋರೆಗೆ.

ಹಿಮದ ಪಾಠಕ್ಕೆ ದೇಲಂಪಾಡಿ ಯಾಕೆ ಎಂದು ಗೆಳೆಯರು ನಕ್ಕಿದ್ದರು. ಕಾರಣ ಐತ್ತಪ್ಪಣ್ಣ. ಕಳೆದ ನವೆಂಬರಿನಲ್ಲಿ ನಮ್ಮ ಮನೆಯ ಬಾವಿಯ ಕೆಸರು ತೆಗೆಯಲು ಬಂದ ಮನುಷ್ಯ. ನೀರು ಕೇಳಲೆಂದು ಜಗಲಿಗೆ ಬಂದವರು ಗೋಡೆಗೆ ಒರಗಿಸಿಟ್ಟ ಸ್ಕೀಗಳನ್ನು ನೋಡಿ, ಇದರ ಕಾಲು ಬಿಗಿಯುವ ಕಟ್ಟು ಹಳೆಯದಾಯಿತು, ಬದಲಿಸಬೇಕು ಎಂದರು. ನಾವು ಬಾಯಿ ಬಿಟ್ಟುಕೊಂಡು ನಿಂತೆವು. ಸೈನ್ಯದಲ್ಲಿ ಹದಿನೇಳು ವರ್ಷ, ಅದರಲ್ಲಿ ಹೆಚ್ಚಿನದು ಹಿಮದಲ್ಲಿ ಕಳೆದವರಂತೆ. ಬಿರುಕಿಗೆ ಬಿದ್ದವರನ್ನು ಎತ್ತುವ ತುಕಡಿಯಲ್ಲಿದ್ದರು. ಊರಿಗೆ ಬಂದ ಮೇಲೆ ಅಪ್ಪನ ಕಸುಬಾದ ಬಾವಿ ಕೆಲಸವನ್ನೇ ಹಿಡಿದರು. ಯಾರಿಗೂ ಪಾಠ ಹೇಳಿದವರಲ್ಲ. ನಾನು ಮೂರು ತಿಂಗಳು ಫೋನಿನಲ್ಲಿ ಪೀಡಿಸಿ ಒಪ್ಪಿಸಿದೆ.

ಬಸ್ಸಿಳಿದಲ್ಲಿ ಅವರೇ ಜೀಪು ತಂದಿದ್ದರು. ಮನೆ ರಬ್ಬರ್ ತೋಟದ ಅಂಚಿನಲ್ಲಿ. ಅವರ ಹೆಂಡತಿ ಗಿರಿಜಕ್ಕ ಕುಚ್ಚಲಕ್ಕಿ ಗಂಜಿ, ಹುರುಳಿ ಪಲ್ಯ, ಒಣಮೀನಿನ ಚಟ್ನಿ ಬಡಿಸಿದರು. ನನಗಿಂತಲೂ ಒಂದು ಹಿಡಿ ಸಣ್ಣ ಜೀವ. ಊಟದ ನಡುವೆ ಐತ್ತಪ್ಪಣ್ಣ ತಮ್ಮ ಕೆಲಸದಲ್ಲಿ ಹಗ್ಗ ಹಿಡಿಯುವುದು ಇವಳೇ ಎಂದಾಗ ಸುರೇಶ ನಕ್ಕ. ತಮಾಷೆ ಎಂದುಕೊಂಡಿದ್ದ. ಐತ್ತಪ್ಪಣ್ಣನ ಭುಜ ನಮ್ಮ ಬಾಗಿಲಿನಷ್ಟು ಅಗಲ. ಗಿರಿಜಕ್ಕ ಅವನ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಹಾಕಿದರು.

ಕೋರೆ ಮನೆಯಿಂದ ಐದು ನಿಮಿಷದ ದಾರಿ. ಕಲ್ಲು ತೆಗೆದು ಬಿಟ್ಟು ವರ್ಷಗಳಾಗಿವೆ. ಯಂತ್ರ ಕೊಯ್ದ ಗೋಡೆ ನೆಟ್ಟಗೆ ಇಪ್ಪತ್ತು ಅಡಿ ಇಳಿಯುತ್ತದೆ. ಆದರೆ ಕಲ್ಲಿನ ಅಂಚು ಗಟ್ಟಿ, ಹಿಮದ ಅಂಚು ಮೆದು. ಆ ವ್ಯತ್ಯಾಸ ನೀಗಿಸಲು ಅವರು ಗೋಣಿಚೀಲಗಳಿಗೆ ಒದ್ದೆ ಮಣ್ಣು ತುಂಬಿ, ಅಂಚಿನಿಂದ ಒಂದು ಮೊಳ ಹೊರಚಾಚುವಂತೆ ಪೇರಿಸಿ, ಮೇಲೆ ಇನ್ನಷ್ಟು ಕೆಸರು ಮೆತ್ತಿದ್ದರು. ಭಾರ ಬಿದ್ದ ಹಗ್ಗ ಇದರೊಳಗೆ ಇಳಿದುಬಿಡುತ್ತದೆ, ಹಿಮದಲ್ಲೂ ಹಾಗೆಯೇ ಎಂದರು. ಇಷ್ಟೊಂದು ಶ್ರಮಪಟ್ಟು ಸುಳ್ಳು ಹಿಮ ಮಾಡಿದ ಮನುಷ್ಯನ ಮೇಲೆ ನನಗೆ ಅಲ್ಲೇ ಗೌರವ ಹುಟ್ಟಿತು.

ಮೊದಲ ಪಾಠ ಗೂಟದ್ದು. ಹಿಮದಲ್ಲಿ ಹಗ್ಗ ಕಟ್ಟಲು ಮರವಿಲ್ಲ. ಸ್ಕೀಯನ್ನೇ ಅಡ್ಡಡ್ಡ ಹೂಳಬೇಕು. ಮೊಣಕೈ ಆಳದ ಕಾಲುವೆ ತೋಡಿ, ಅದರೊಳಗೆ ಸ್ಕೀ ಮಲಗಿಸಿ, ನಡುವಿಗೆ ಪಟ್ಟಿ ಕಟ್ಟಿ, ಮಣ್ಣು ಮುಚ್ಚಿ ತುಳಿದೆವು. ಎರಡನೆಯದು ತಡೆಗಂಟು. ದಪ್ಪ ಹಗ್ಗದ ಸುತ್ತ ಸಪೂರ ದಾರವನ್ನು ಮೂರು ಸುತ್ತು ಸುತ್ತಿ ಹಾಕುವ ಗಂಟು. ಕೈಯಿಂದ ತಳ್ಳಿದರೆ ಜಾರುತ್ತದೆ, ಭಾರ ಬಿದ್ದರೆ ಕಚ್ಚುತ್ತದೆ. ನನಗೆ ಎರಡು ಸಲ ತಪ್ಪಿತು. ತೆಂಗಿನ ಮರ ಹತ್ತುವವನು ಕಾಲಿಗೆ ಹಾಕುವ ಹಗ್ಗದ ತಳೆಯ ಹಾಗೆ ಎಂದು ಗಿರಿಜಕ್ಕ ಹೇಳಿದ ಮೇಲೆ ಕೈಗೆ ಅರ್ಥವಾಯಿತು. ಮೂರನೆಯದು ರಾಟೆಗಳು. ಹಗ್ಗವನ್ನು ಹಿಂದೆ ಮುಂದೆ ಮಡಚಿ ಸಣ್ಣ ರಾಟೆಗಳಲ್ಲಿ ಹಾಯಿಸಿದರೆ ಎಳೆಯುವ ಭಾರ ಮೂರರಲ್ಲೊಂದಾಗುತ್ತದೆ, ಇನ್ನೂ ಮಡಚಿದರೆ ಆರರಲ್ಲೊಂದು. ಬದಲಿಗೆ ಆರು ಮೊಳ ಎಳೆದಾಗ ಬಿದ್ದವನು ಒಂದೇ ಮೊಳ ಮೇಲೆ ಬರುತ್ತಾನೆ. ಈ ಲೆಕ್ಕ ನನಗೆ ಬಹಳ ಹಿಡಿಸಿತು. ಔಷಧಿ ಅಂಗಡಿಯಲ್ಲೂ ನನ್ನ ಬಂಡವಾಳ ತಾಳ್ಮೆಯೊಂದೇ.

ನಾಲ್ಕು ಗಂಟೆಗೆ ಇಳಿಯುವ ಹೊತ್ತು ಬಂತು. ಸುರೇಶ ಸೊಂಟಪಟ್ಟಿ ಬಿಗಿದು ಸಿದ್ಧನಾದ. ಆಗ ಐತ್ತಪ್ಪಣ್ಣ ತಮ್ಮ ಹೆಗಲಿನ ಬೈರಾಸನ್ನು, ಎಂದರೆ ನಮ್ಮ ಕಡೆ ಕೆಲಸದವರ ಹೆಗಲ ಮೇಲಿರುವ ಆ ಚೌಕುಳಿಯ ಟವೆಲನ್ನು, ಅವನಿಗೆ ಕೊಟ್ಟು ತಮ್ಮ ಮನೆಯವರ ಒಂದು ಕ್ರಮ ವಿವರಿಸಿದರು. ಅವರ ಅಪ್ಪನ ಕಾಲದಿಂದ ಬಾವಿಗೆ ಇಳಿಯುವವನು ಬೈರಾಸನ್ನು ತನ್ನ ಹಗ್ಗ ಯಾರು ಹಿಡಿಯಬೇಕೋ ಅವರ ಕೈಗೆ ಕೊಡುತ್ತಾನೆ. ಅವರು ಅದನ್ನು ತಲೆಗೆ ಸುತ್ತಬೇಕು. ಆಮೇಲೆ ಬೇರೆ ಯಾರೂ ಆ ಹಗ್ಗ ಮುಟ್ಟುವಂತಿಲ್ಲ, ಒಂದು ಮಾತು ಸೂಚನೆ ಕೊಡುವಂತಿಲ್ಲ. ಮೇಲೆ ಬಂದವನು ತಾನೇ ಕೇಳಿ ಬೈರಾಸು ವಾಪಸು ಪಡೆಯಬೇಕು, ಕೇಳುವವರೆಗೆ ಹಗ್ಗ ಅವರದೇ. ಅವನ ಹಗ್ಗಕ್ಕೆ ಒಂದು ದಿನಕ್ಕೆ ಒಂದೇ ಹೆಸರು.

"ಯಾರು ಹಿಡೀಬೇಕು ಹೇಳಿ," ಎಂದರು.

ಸುರೇಶ ಯೋಚಿಸಲಿಲ್ಲ. "ನೀವೇ ಹಿಡೀರಿ ಐತ್ತಪ್ಪಣ್ಣ," ಎಂದು ಬೈರಾಸನ್ನು ಅವರಿಗೆ ಚಾಚಿದ.

ನಾನು ಹಗ್ಗದ ಪಕ್ಕ ಕೈಗವಸು ಹಾಕಿ ಕುಳಿತಿದ್ದೆ. ನಾವು ಬಂದದ್ದೇ ನಾನು ಅವನನ್ನು ಎತ್ತಲು ಕಲಿಯಲಿಕ್ಕೆ. ಐತ್ತಪ್ಪಣ್ಣ ಒಂದು ಕ್ಷಣ ನನ್ನನ್ನು ನೋಡಿದರು, ಆಮೇಲೆ ಬೈರಾಸು ತಗೊಂಡು ತಲೆಗೆ ಸುತ್ತಿದರು. ಸುರೇಶನಿಗೆ ಆಗ ಹೊಳೆಯಿತು. ಅಲ್ಲ, ಪದ್ಮಳೇ ಹಿಡಿಯಲಿ ಎಂದು ತಿದ್ದಲು ನೋಡಿದ. ಐತ್ತಪ್ಪಣ್ಣ ತಲೆಯಾಡಿಸಿದರು. ಹೇಳಿಯಾಯಿತು. ಇನ್ನು ನಿಮ್ಮ ಮುಂದಿನ ಸರದಿಗೆ ನೋಡುವ ಎಂದರು.

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಐತ್ತಪ್ಪಣ್ಣ ಅವನನ್ನು ಇಪ್ಪತ್ತು ನಿಮಿಷದಲ್ಲಿ ಎತ್ತಿದರು. ನಾನು ಅವರ ಕೈಯನ್ನೇ ನೋಡುತ್ತಾ ಕುಳಿತೆ, ಯಾವ ಗಂಟು ಎಷ್ಟು ಹೊತ್ತಿಗೆ ಸರಿಸುತ್ತಾರೆಂದು ಪುಸ್ತಕದಲ್ಲಿ ಬರೆದುಕೊಂಡೆ. ಸಿಟ್ಟು ಬಂದಾಗ ಬರೆದುಕೊಳ್ಳುವುದು ನನ್ನ ಹಳೆಯ ಅಭ್ಯಾಸ. ಸಂಜೆ ಚಾದ ಹೊತ್ತಿಗೆ ಸುರೇಶ ಎರಡು ಸಲ ಮಾತಿಗೆ ಬಂದ. ಬಾಯಿಗೆ ಬಂದದ್ದು ಹೇಳಿದೆ ಅಷ್ಟೇ ಎಂದ. ಅದೇ ನನಗೆ ನೋವು ಎಂದೆ. ಬಾಯಿಗೆ ಮೊದಲು ಬರುವ ಹೆಸರು ನನ್ನದಲ್ಲವಲ್ಲ. ಪ್ರಾಮಾಣಿಕವಾಗಿ ಹೇಳುವುದಾದರೆ, ಅವನ ಜಾಗದಲ್ಲಿ ನಾನಿದ್ದರೆ ನಾನೂ ಐತ್ತಪ್ಪಣ್ಣನ ಹೆಸರನ್ನೇ ಹೇಳುತ್ತಿದ್ದೆ. ಅದು ಗೊತ್ತಿದ್ದದ್ದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಶನಿವಾರ ಬೆಳಗ್ಗೆ ಮಂಜು ಇತ್ತು. ಎಂಟು ಗಂಟೆಗೆ ಕರಗಿ ಮತ್ತೆ ಸೆಕೆ. ಕೋರೆಗೆ ಹೋಗುವ ಮೊದಲು ಗಿರಿಜಕ್ಕ ನನ್ನನ್ನು ಮನೆಯ ಬಾವಿಯ ಹತ್ತಿರ ಕರೆದೊಯ್ದು ಮಣ್ಣು ತುಂಬಿದ ಬುಟ್ಟಿಯೊಂದನ್ನು ಎಳೆಯಲು ಹೇಳಿದರು. ಎಳೆದೆ. ಅರ್ಧಕ್ಕೆ ಬರುವಾಗ ತೋಳು ಸೋತಿತು. ಅವರು ಹಗ್ಗವನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿ, ಬಾವಿಗೆ ಬೆನ್ನು ಹಾಕಿ, ಸುಮ್ಮನೆ ನಡೆದುಕೊಂಡು ಹೋದರು. ಬುಟ್ಟಿ ತಾನಾಗಿ ಮೇಲೆ ಬಂತು.

"ಕೈಯಲ್ಲಿ ಎಳೆದರೆ ಹತ್ತು ಬುಟ್ಟಿಗೆ ಸೋಲ್ತದೆ," ಎಂದರು. "ಕಾಲಲ್ಲಿ ಎಳೀರಿ. ಕಾಲಿಗೆ ನಿಮ್ಮ ಭಾರ ಹೊತ್ತು ಅಭ್ಯಾಸ ಉಂಟಲ್ಲ."

ಇಪ್ಪತ್ತು ವರ್ಷದಿಂದ ಅವರೇ ಹಗ್ಗ ಹಿಡಿಯುವವರು ಎಂಬುದು ತಮಾಷೆಯಲ್ಲ ಎಂದು ಜಗಲಿಯಿಂದ ನೋಡುತ್ತಿದ್ದ ಸುರೇಶನಿಗೂ ಗೊತ್ತಾಯಿತು. ಮೊದಲು ಯಾರಾದರೂ ನಿಮ್ಮ ಮೇಲೆ ಸಂಶಯಪಟ್ಟಿದ್ದರಾ ಎಂದು ನಾನು ಕೇಳಿದೆ. ಊರೆಲ್ಲ ನಗಾಡಿತ್ತಂತೆ. ಇವರು ಮಾತ್ರ ಬೈರಾಸು ಬೇರೆಯವರ ಕೈಗೆ ಕೊಡಲಿಲ್ಲ ಎಂದು ಗಂಡನ ಕಡೆ ಮುಖ ತಿರುಗಿಸಿ ಹೇಳಿದರು.

ಅಂದು ಇಳಿಯುವ ಸರದಿ ನನ್ನದು. ಬೈರಾಸು ನನ್ನ ಕೈಯಲ್ಲಿತ್ತು. ಐತ್ತಪ್ಪಣ್ಣ, ಗಿರಿಜಕ್ಕ, ಸುರೇಶ, ಮೂವರೂ ನಿಂತಿದ್ದರು. ನಿನ್ನೆಯ ಲೆಕ್ಕ ಚುಕ್ತಾ ಮಾಡಲು ಗಿರಿಜಕ್ಕನಿಗೆ ಕೊಡಬೇಕೆಂಬ ಆಸೆ ಬಲವಾಗಿಯೇ ಇತ್ತು. ಆದರೆ ಮೇ ತಿಂಗಳಲ್ಲಿ ಗಿರಿಜಕ್ಕ ಅಲ್ಲಿರುವುದಿಲ್ಲ. ಸುರೇಶನಿಗೆ ಕೊಟ್ಟೆ. ಅವನು ತಲೆ ತಗ್ಗಿಸಿ ತಗೊಂಡ. ಗಿರಿಜಕ್ಕ ನನ್ನ ಸೊಂಟಕ್ಕೆ ಕಟ್ಟಿದ ಕಾವಲು ಹಗ್ಗವನ್ನು ಹಿಡಿದು ದೂರ ಕುಳಿತರು. ಮುಖ್ಯ ಹಗ್ಗ ಕೈಕೊಟ್ಟರೆ ಮಾತ್ರ ಅದರ ಕೆಲಸ.

ಕೆಳಗೆ ತೂಗಾಡುತ್ತಾ ನೋಡಿದರೆ ಕೋರೆಯ ಗೋಡೆ ಬೇರೆಯೇ ಲೋಕ. ಕೆಂಪು ಕಲ್ಲಿನ ತೂತುಗಳಲ್ಲಿ ಸಣ್ಣ ಜರಿಗಿಡ, ಇರುವೆಯ ಸಾಲು, ತಣ್ಣಗಿನ ಗಾಳಿ. ಹಿಮದ ಬಿರುಕಿನೊಳಗೆ ನೀಲಿ ಬಣ್ಣವಂತೆ. ನಾನು ಅದನ್ನು ಊಹಿಸಿಕೊಳ್ಳುತ್ತಿದ್ದಾಗ ಹಗ್ಗ ಜಗ್ಗಿತು. ಸುರೇಶ ಶುರು ಮಾಡಿದ್ದ.

ಅವನು ಬಲಶಾಲಿ. ಗೋದಾಮಿನಲ್ಲಿ ಆಳುಗಳ ಜೊತೆ ಪ್ಲೈವುಡ್ ಹಾಳೆ ಇಳಿಸಿ ಬೆಳೆದವನು. ಆಳುಗಳ ಹಾಗೆಯೇ ಐಸಾ, ಐಸಾ ಎಂದು ತಾಳ ಹಾಕಿಕೊಂಡು ಎಳೆಯತೊಡಗಿದ. ನಾನು ಸರಸರನೆ ಮೇಲೇರಿದೆ, ನೇರ ಹೋಗಿ ಹೊರಚಾಚಿದ ಗೋಣಿಚೀಲದ ಅಡಿಗೆ ಸಿಕ್ಕಿಕೊಂಡೆ. ಹಗ್ಗ ಕೆಸರಿನೊಳಗೆ ಒಂದು ಗೇಣು ಇಳಿದುಹೋಗಿತ್ತು. ಹೆಲ್ಮೆಟ್ ಚೀಲಕ್ಕೆ ಒತ್ತಿತು, ಎದೆ ಬಿಗಿಯಿತು. ನಿಲ್ಲಿಸು ಎಂದು ಕೂಗಿದೆ. ಅವನಿಗೆ ಕೇಳಿಸಿದ್ದು ಅವನದೇ ಐಸಾ. ಹಗ್ಗ ಬಿಗಿಯಾದಷ್ಟೂ ಅವನು ಇನ್ನೂ ಜೋರಾಗಿ ಎಳೆದ. ಬೇರೆ ಯಾರೂ ಮಾತಾಡಲಿಲ್ಲ. ಮಾತಾಡುವಂತಿರಲಿಲ್ಲ. ನಾನು ಹೇಗೋ ಕೈ ಬಿಡಿಸಿಕೊಂಡು ಕೊರಳಿಗೆ ಕಟ್ಟಿದ್ದ ಸೀಟಿ ಊದಿದೆ. ಎರಡನೆಯ ಸಲ ಊದಿದಾಗ ಐಸಾ ನಿಂತಿತು.

ಸ್ವಲ್ಪ ಹೊತ್ತಿನ ಮೇಲೆ ಅಂಚಿನ ಪಕ್ಕದಲ್ಲಿ ಅವನ ಮುಖ ಕಾಣಿಸಿತು. ತನ್ನನ್ನು ಹಗ್ಗಕ್ಕೆ ಕಟ್ಟಿಕೊಂಡು ಹೊಟ್ಟೆಯ ಮೇಲೆ ತೆವಳಿ ಬಂದಿದ್ದ. ಬೈರಾಸು ಹಣೆಗೆ ಜಾರಿತ್ತು. ಮುಖ ಬಿಳಿಚಿತ್ತು.

"ಪದ್ಮಾ, ನಾನೀಗ ಎಂತ ಮಾಡ್ಲಿ?" ಎಂದು ಕೇಳಿದ.

ಇಪ್ಪತ್ತು ವರ್ಷದಲ್ಲಿ ಈ ಮಾತು ಅವನ ಬಾಯಿಂದ ಕೇಳಿದ ನೆನಪು ನನಗಿಲ್ಲ. ಪುಸ್ತಕದಲ್ಲಿ ಬರೆದುಕೊಂಡದ್ದೆಲ್ಲ ನಾಲಿಗೆಯ ತುದಿಗೆ ಬಂತು. ಮೊದಲು ತಡೆಗಂಟು ಸಡಿಲಿಸಿ ಒಂದು ಮೊಳ ಕೆಳಗೆ ಬಿಡಲು ಹೇಳಿದೆ. ಉಸಿರು ಬಂತು. ಈ ಹಗ್ಗ ಹೂತುಹೋಗಿದೆ, ಇದನ್ನು ಮರೆತುಬಿಡು, ಮತ್ತೆ ಹೂಳದ ಹಾಗೆ ಬದಿಯಲ್ಲಿ ಬ್ಯಾಗು ಹಾಸಿ ಅದರ ಮೇಲಿನಿಂದ ಹಗ್ಗದ ಇನ್ನೊಂದು ತುದಿಯನ್ನು ಕುಣಿಕೆ ಮಾಡಿ ರಾಟೆಯೊಂದಿಗೆ ಇಳಿಸು ಎಂದೆ. ಅವನು ಒಂದೊಂದಾಗಿ ಮಾಡಿದ. ಪ್ರತಿಸಲ ಮಾಡಿ ಮುಗಿಸಿ ಮುಂದೇನು ಎಂದು ಕೇಳುತ್ತಿದ್ದ. ಕುಣಿಕೆಯ ರಾಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಈ ಸಲ ಐಸಾ ಇರಲಿಲ್ಲ. ಎರಡು ಹೆಜ್ಜೆಗೊಮ್ಮೆ ನಿಂತು, ಸರಿಯುಂಟಾ ಎಂದು ಕೇಳಿ, ಉತ್ತರ ಬಂದ ಮೇಲೆ ಎಳೆಯುತ್ತಿದ್ದ.

ಮೇಲೆ ಬಂದು ಕೆಸರಿನಲ್ಲೇ ಕುಳಿತೆ. ಬೈರಾಸು ಕೊಡು ಎಂದು ಕೇಳಿ ತಗೊಂಡೆ. ನಾನು ಸಿಕ್ಕಿಕೊಂಡಾಗ ಸುಮ್ಮನಿದ್ದದ್ದು ಯಾಕೆ ಎಂದು ಐತ್ತಪ್ಪಣ್ಣನನ್ನು ಕೇಳಿದೆ. ಸ್ವಲ್ಪ ಕಠಿಣವಾಗಿಯೇ ಕೇಳಿದೆ. ನಿಮ್ಮ ಕೈ ಆಡುತ್ತಿತ್ತು, ಅಪಾಯವಾದರೆ ಗಿರಿಜ ಇದ್ದಳು ಎಂದರು. ಆಮೇಲೆ ಸುರೇಶನ ಕಡೆ ತಿರುಗಿದರು.

"ನಾನು ಹೇಳಿದ್ರೆ ನೀವು ನನ್ನ ಮಾತು ಕೇಳ್ತಿದ್ರಿ. ಕೇಳಬೇಕಾದ್ದು ಕೆಳಗಿದ್ದವರ ಮಾತು ಅಲ್ವಾ?"

ಹಿಮದಲ್ಲೂ ಅವರು ಕಂಡ ತಪ್ಪು ಇದೇ ಅಂತೆ. ಬಲವಿದ್ದವನು ಬಿದ್ದವನನ್ನು ಅಂಚಿನ ಅಡಿಗೆ ಎಳೆದು ಜಜ್ಜುತ್ತಾನೆ. ಬಲ ಕಡಿಮೆ ಇದ್ದವನು ಅಂಚನ್ನು ಮೊದಲು ನೋಡುತ್ತಾನೆ, ಯಾಕೆಂದರೆ ಅವನಿಗೆ ಒಂದಿಂಚೂ ದಂಡವಾಗಬಾರದು. ಇದನ್ನು ಕೇಳಿ ನನಗೆ ಆದ ಸಂತೋಷವನ್ನು ಮುಚ್ಚಿಡಲು ಆಗಲಿಲ್ಲ. ಗಿರಿಜಕ್ಕ ಗೇರುಹಣ್ಣು ಹೆಚ್ಚಿ ಉಪ್ಪು ಮೆಣಸು ಉದುರಿಸಿ ತಂದರು. ನಾಲ್ವರೂ ಕೋರೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ತಿಂದೆವು.

ಭಾನುವಾರ ಮಧ್ಯಾಹ್ನದ ಬಸ್ಸಿಗೆ ನಾವು ಹೊರಡಬೇಕು. ಬೆಳಗ್ಗೆ ಏಳಕ್ಕೇ ಕೋರೆಗೆ ಹೋದೆವು. ನಾನು ಸ್ಕೀ ಹೂಳಲು ಕಾಲುವೆ ತೋಡುತ್ತಿದ್ದಾಗ ಸುರೇಶ ಪಕ್ಕಕ್ಕೆ ಬಂದು ಆಳ ಸಾಕಾ ಎಂದು ಕೇಳಿದ, ತನಗೆ ಅನಿಸಿದ್ದು ಹೇಳಲಿಲ್ಲ. ಐತ್ತಪ್ಪಣ್ಣ ಬೈರಾಸು ಅವನ ಹೆಗಲಿಗೆ ಹಾಕಿ ಎಂದಿನ ಪ್ರಶ್ನೆ ಕೇಳಿದರು. ಈ ಸಲ ಅವನು ತಡಮಾಡಿದ. ಅಂಚಿನವರೆಗೆ ಹೋಗಿ ಇಪ್ಪತ್ತು ಅಡಿ ಕೆಳಗೆ ನೋಡಿದ. ಭಯಪಟ್ಟ ಮುಖವನ್ನು ಮರೆಮಾಚಲಿಲ್ಲ. ಆಮೇಲೆ ಬಂದು ಬೈರಾಸನ್ನು ನನ್ನ ಕೈಯಲ್ಲಿ ಇಟ್ಟ. ಹೆಸರು ಹೇಳಲೂ ಇಲ್ಲ. ಭಯವಾಗಿಯೂ ಕೊಟ್ಟದ್ದು ನನಗೆ ಹೆಚ್ಚು ಎನಿಸಿತು.

ಅವನ ಭಾರ ಹಗ್ಗಕ್ಕೆ ಬಿದ್ದಾಗ ನಾನು ಕುಳಿತಲ್ಲಿಂದ ಎರಡಡಿ ಜಾರಿದೆ. ಹಿಮ್ಮಡಿ ಊರಿ ನಿಂತೆ. ಸ್ಕೀ ಹೂತಲ್ಲಿಗೆ ಭಾರ ದಾಟಿಸಿದೆ, ತೆವಳಿ ಅಂಚಿಗೆ ಹೋದೆ, ಅವನ ಮುಖ ನೋಡಿದೆ, ಬ್ಯಾಗು ಹಾಸಿದೆ, ಕುಣಿಕೆ ಇಳಿಸಿದೆ. ಆಮೇಲೆ ಆರರ ಮಡಿಕೆ. ಹಗ್ಗವನ್ನು ಸೊಂಟಕ್ಕೆ ಸಿಕ್ಕಿಸಿ, ಕೋರೆಗೆ ಬೆನ್ನು ಹಾಕಿ ನಡೆದೆ. ಮೊದಲ ಸಲ ಏನೂ ಆಗಲಿಲ್ಲ. ಹೋದ ವರ್ಷದ ಗುಂಡಿ ಕಣ್ಣ ಮುಂದೆ ಬಂತು. ತಿರುಗಿ ಬಂದು ನೋಡಿದೆ. ಒಂದು ಗಂಟು ರಾಟೆಗೆ ಸಿಕ್ಕಿತ್ತು. ಅದನ್ನು ಸರಿಸಿ ಮತ್ತೆ ನಡೆದೆ. ಕಾಲಿನ ಕೆಳಗೆ ಮಣ್ಣು ಕುಸಿಯಿತು, ಸೊಂಟ ನೊಂದಿತು, ಹಗ್ಗ ಬಂತು. ಸರಿಯುಂಟಾ ಎಂದು ಕೇಳಿದೆ. ಉಂಟು ಎಂದ.

ಐವತ್ತು ನಿಮಿಷ ಹಿಡಿಯಿತು. ಒಮ್ಮೆ ನಿಂತು ನೀರು ಕುಡಿದೆ. ಅವನು ಕೆಳಗಿನಿಂದ, ಇಲ್ಲಿ ಗೋಡೆಯ ತೂತಿನಲ್ಲಿ ಹಕ್ಕಿಯ ಗೂಡುಂಟು, ಎರಡು ಮೊಟ್ಟೆ ಉಂಟು ಎಂದು ವರದಿ ಕೊಟ್ಟ. ಕೊನೆಗೆ ಅವನ ಮೊಣಕೈ ಬ್ಯಾಗಿನ ಮೇಲೆ ಕಾಣಿಸಿತು, ಆಮೇಲೆ ಹೆಲ್ಮೆಟ್, ಆಮೇಲೆ ಎಂಬತ್ತನಾಲ್ಕು ಕಿಲೋ ಪೂರ್ತಿ. ಗಿರಿಜಕ್ಕ ಕಾವಲು ಹಗ್ಗ ಸುತ್ತಿಡುತ್ತಾ ನನ್ನನ್ನು ನೋಡಿ ನಕ್ಕರು. ಅವರು ನಕ್ಕದ್ದನ್ನು ಮೂರು ದಿನದಲ್ಲಿ ಮೊದಲ ಸಲ ನೋಡಿದೆ. ಸುರೇಶ ಬೆನ್ನ ಮೇಲೆ ಮಲಗಿ ಆಕಾಶ ನೋಡುತ್ತಿದ್ದ. ಬೈರಾಸು ಕೇಳಲಿಲ್ಲ. ಸುಸ್ತಾಗಿ ಮರೆತಿರಬೇಕೆಂದು ನಾನೂ ಸುಮ್ಮನಾದೆ.

ಊಟ ಮುಗಿಸಿ ಹೊರಟಾಗ ನಾನು ಬೈರಾಸನ್ನು ಒಗೆದು ಐತ್ತಪ್ಪಣ್ಣನಿಗೆ ಕೊಡಲು ಹೋದೆ. ಅವರು ತಗೊಳ್ಳಲಿಲ್ಲ. ಕೊಟ್ಟವರು ಸುರೇಶ, ಕೇಳಬೇಕಾದವರೂ ಅವರೇ ಎಂದರು. ಜೀಪಿನಲ್ಲಿ ಬಸ್ಸಿನವರೆಗೆ ಬಿಟ್ಟು, ಸ್ಕೀಯ ಕಟ್ಟು ಬದಲಿಸಲು ಮತ್ತೊಮ್ಮೆ ನೆನಪಿಸಿ ಹೋದರು.

ಕಾಸರಗೋಡಿನಿಂದ ಸಂಜೆಯ ರೈಲು. ಎದುರಿಗೆ ಕುಳಿತವರು ಸ್ಕೀ ಚೀಲದ ಬಗ್ಗೆ ಕೇಳಿದಾಗ ಈ ಸಲ ಸುರೇಶ ನಿಜ ಹೇಳಿದ, ಹಿಮನದಿಯಿಂದ ಶುರುಮಾಡಿ ಆರರ ಮಡಿಕೆಯವರೆಗೆ. ಕುಂಬಳೆ ದಾಟುವಾಗ ನಾನು ಮಾರ್ಗದರ್ಶಿಗೆ ಸಂದೇಶ ಬರೆದೆ: ನಾವಿಬ್ಬರೂ ಬರುತ್ತೇವೆ, ಇಬ್ಬರೂ ಎತ್ತುತ್ತೇವೆ. ಸುರೇಶನಿಗೆ ತೋರಿಸಿ ಕಳಿಸಿದೆ. ಮಂಜೇಶ್ವರದಲ್ಲಿ ರೈಲು ನಿಂತಿತು. ಒದ್ದೆ ಬೈರಾಸು ನನ್ನ ತೊಡೆಯ ಮೇಲಿತ್ತು, ಕೆಂಪು ಮಣ್ಣಿನ ಕಲೆ ಪೂರ್ತಿ ಹೋಗಿರಲಿಲ್ಲ. ಅದನ್ನು ಎತ್ತಿ ಹಿಡಿದು, ನೀನಿನ್ನೂ ಇದನ್ನು ಕೇಳಲಿಲ್ಲ ಎಂದೆ. ಅವನು ಅದನ್ನು ಮಡಚಿ ನನ್ನ ಚೀಲದೊಳಗೆ ಇಟ್ಟ.

"ನಾನಿನ್ನೂ ಮೇಲೆ ಬರ್ಲಿಲ್ಲ ಪದ್ಮಾ," ಎಂದ. "ಹಿಮ ದಾಟಿ ಬಂದ ಮೇಲೆ ಕೇಳ್ತೇನೆ."